ಬೆನ್ನು ಹತ್ತಿದ ವ್ಯಾನು

ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ನನ್ನ ಸಾಲಿ ಮುಗಿಯಿತು. ಒಂಬತ್ತನೇ ತರಗತಿ, ಅದೂ ಅರ್ಧಕ್ಕೆ. ಅಪ್ಪ ಸೊಂಟ ಮುರಿದುಕೊಂಡು ಹೊರಸಿಗೆ ಬಿದ್ದ. ಹಿಟ್ನಾಳದಿಂದ ಕೊಪ್ಪಳಕ್ಕೆ ಹಾಲು ಒಯ್ಯುವ ಸೈಕಲ್ ನನ್ನ ಪಾಲಿಗೆ ಬಂತು. ಕ್ಯಾರಿಯರಿನ ಎರಡೂ ಬದಿಗೆ ಎರಡು ಕ್ಯಾನು. ನಡುವೆ, ಕ್ಯಾರಿಯರಿನ ಮೇಲೆ, ನನ್ನ ಕ್ಲಾಸಿನ ಗೆಳೆಯ ಶಂಕರಗೌಡ. ನಾನು ಹಾಲು ಹಾಕಲು ಹೋಗುವವನು, ಅವನು ಹೈಸ್ಕೂಲಿಗೆ ಹೋಗುವವನು. ಬಸ್ಸಿನ ಚಾರ್ಜು ಉಳಿಯಲಿ ಎಂದು ಅವರಪ್ಪ ನನ್ನ ಹಿಂದೆ ಕೂರಿಸುತ್ತಿದ್ದರು. ಕ್ಯಾನಿನ ಮುಚ್ಚಳ ಸಡಿಲವಿದ್ದವು; ಎರಡು ಕೈಯಿಂದ ಎರಡು ಮುಚ್ಚಳ ಒತ್ತಿ ಹಿಡಿಯುವುದು ಅವನ ಕೆಲಸ. ಸಾಲಿಯ ಗೇಟಿಗೆ ಅವನನ್ನು ಇಳಿಸಿ ನಾನು ಹೋಟೆಲ್‌ಗಳ ಹಿಂಬಾಗಿಲಿಗೆ ಹೋಗುತ್ತಿದ್ದೆ. ಅವನು ಓದಿ ವಕೀಲನಾದ. ನಾನು ಓದದೆ ಏನೇನು ಮಾಡಿಕೊಂಡೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಥೈಲ್ಯಾಂಡ್, ಕಾಂಬೋಡಿಯಾ, ವಿಯೆಟ್ನಾಂ ಮೂರು ದೇಶ ಸೈಕಲ್ ತುಳಿದು ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: ಚಲೋ ಇತ್ತೇನು? ಚಲೋ ಇತ್ತು. ಆದರೆ ನನಗೆ ಅಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟನ್ನು ಬಿಟ್ಟು ಬರೀ ಗುಡಿ, ಗೋಪುರ, ಹಣ್ಣಿನ ಸಂತೆ ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಕೊಪ್ಪಳದಲ್ಲಿ ಬೆಳಿಗ್ಗೆ ಸೈಕಲ್ ಹೊಡೆಯುವ ಒಂದು ಬಳಗವಿದೆ. ಡಾಕ್ಟರು, ಬ್ಯಾಂಕಿನವರು, ಅಂಗಡಿಕಾರರು. ಸಕ್ಕರೆ ಕಾಯಿಲೆ ಬಂದ ಮೇಲೆ ಶಂಕರಗೌಡ ಅದಕ್ಕೆ ಸೇರಿದ, ನನ್ನನ್ನೂ ಎಳೆದ. ನಾನು ಹೊಟ್ಟೆ ತುಂಬಿಸಲು ತುಳಿದದ್ದನ್ನು ಇವರು ಹೊಟ್ಟೆ ಕರಗಿಸಲು ತುಳಿಯುತ್ತಾರೆ ಎಂದು ನನಗೆ ನಗು. ಆದರೂ ಹೋದೆ. ಈ ಪ್ರವಾಸವನ್ನು ಹುಡುಕಿದವನೂ ಅವನೇ. ಮುಂದೆ ಒಬ್ಬ ಮಾರ್ಗದರ್ಶಿ, ಹಿಂದೆ ಒಂದು ವ್ಯಾನು. ಕಾಲು ಸೋತವರು ವ್ಯಾನು ಹತ್ತಬಹುದು, ಅದರಲ್ಲಿ ತಂಪು ಗಾಳಿ ಇರುತ್ತದೆ. ಹೊರಡುವ ಮುಂಚೆ ಚಹಾದಂಗಡಿಯಲ್ಲಿ ಬಳಗದವರೆಲ್ಲರ ಎದುರು ನಾನು ಒಂದು ಮಾತು ಆಡಿದೆ. “ಒಂದ್ ಫರ್ಲಾಂಗೂ ವ್ಯಾನ್ ಹತ್ತಂಗಿಲ್ಲ. ಪೂರಾ ತುಳೀತೀನಿ.” ಶಂಕರಗೌಡ ನಕ್ಕ. ಹಾಲು ಮಾರುವವನ ಮಾತಿಗೆ ನೀರು ಬೆರೆತಿರುತ್ತದೆ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಹಾಲಿಗೆ ನೀರು ಬೆರೆತಿದೆ ಎಂದು ಇವತ್ತಿನವರೆಗೆ ಯಾರೂ ಅಂದಿಲ್ಲ. ಆ ಮಾತು ನನ್ನ ಹೊಟ್ಟೆಯಲ್ಲಿ ಕೂತಿತು.

ಬ್ಯಾಂಕಾಕ್ ದಾಟಿ

ನಮ್ಮ ಮಾರ್ಗದರ್ಶಿ ನೋಯ್ ಎಂಬ ಹೆಣ್ಣುಮಗಳು. ನನ್ನ ಮಗಳ ವಾರಿಗೆಯವಳು, ಗಟ್ಟಿಗಿತ್ತಿ. ಉಳಿದ ಸವಾರರು ಪಿಂಚಣಿ ಬಂದ ಬಿಳಿಯರು, ಗಂಡ ಹೆಂಡತಿ ಜೋಡಿ ಜೋಡಿ. ನೋಯ್ ಮೊದಲ ದಿನವೇ ನನ್ನನ್ನು ‘ಲುಂಗ್’ ಎಂದು ಕರೆದಳು, ಶಂಕರಗೌಡನನ್ನು ‘ಪೀ’ ಎಂದಳು. ಲುಂಗ್ ಎಂದರೆ ದೊಡ್ಡಪ್ಪ, ಪೀ ಎಂದರೆ ಅಣ್ಣ. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಅವನು ಕೂದಲಿಗೆ ಬಣ್ಣ ಹಚ್ಚುತ್ತಾನೆ, ನಾನು ಹಚ್ಚುವುದಿಲ್ಲ. ಶಂಕರಗೌಡ ಆ ‘ದೊಡ್ಡಪ್ಪ’ ಎಂಬ ಮಾತನ್ನು ಹಿಡಿದು ಬಿಡಲಿಲ್ಲ. ಊಟದ ಹೊತ್ತಿಗೆ, “ದೊಡ್ಡಪ್ಪಾರಿಗೆ ಮೊದ್ಲ ನೀಡ್ರಿ, ಹಲ್ಲ್ ಅದಾವೋ ಇಲ್ಲೋ” ಎನ್ನುವನು. ಅವಳಿಗೆ ಕನ್ನಡ ತಿಳಿಯದು, ನಕ್ಕು ನನಗೇ ಮೊದಲು ನೀಡುವಳು.

ಪ್ರವಾಸದ ಕಂಪನಿಯವರು ಕೂರುವ ಕಡೆ ಗಾದಿ ಹೊಲಿದ ಚಡ್ಡಿ ಕೊಟ್ಟರು. ಶಂಕರಗೌಡ ಅದನ್ನೇ ಹಾಕಿಕೊಂಡು ಬೀದಿಗಿಳಿದ. ನಾನು ಅದರ ಮೇಲೆ ಪೈಜಾಮ ಹಾಕಿ ಕಾಲಿನ ಬಳಿ ದಾರ ಕಟ್ಟಿದೆ. ಬಿಳಿಯರು ನನ್ನ ಫೋಟೋ ತೆಗೆದುಕೊಂಡರು. ಕೇಳದೆ ತೆಗೆದರು. ಹನುಮನಹಳ್ಳಿಯ ಕಡೆ ಬರುವ ಪರದೇಶದವರಿಗೆ ಮೊಸರು ಮಾರಿ ಕಲಿತ ಇಂಗ್ಲಿಷ್ ನನ್ನದು. ಅದರಲ್ಲಿ ‘ಫೋಟೋ ಬೇಡ’ ಎನ್ನುವಷ್ಟು ಇದೆ. ಎಂದೆ. ತೆಗೆಯುವುದು ನಿಂತಿತು, ನಗು ನಿಲ್ಲಲಿಲ್ಲ.

ಆ ದೇಶದಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಇದನ್ನು ಶಂಕರಗೌಡ ನಾಗರಿಕತೆ ಎಂದ. ನನಗೆ ಜೀವ ಬಾಯಿಗೆ ಬಂತು. ನಮ್ಮ ಹೆದ್ದಾರಿಯಲ್ಲಿ ಲಾರಿಯವನು ಹಾರ್ನ್ ಹೊಡೆದರೆ, ಬಂದೆನಪ್ಪಾ, ಬದಿಗೆ ಸರಿ ಎಂದು ಹೇಳಿದಂತೆ. ಅಲ್ಲಿ ಆನೆಯಂಥ ಲಾರಿ ಮೊಳಕೈ ಸವರಿ ಹೋಗುವವರೆಗೆ ಬಂದದ್ದೇ ತಿಳಿಯುವುದಿಲ್ಲ. ಹೇಳದೆ ಬೆನ್ನ ಹಿಂದೆ ಬರುವವರನ್ನು ನಾನು ನಂಬುವುದಿಲ್ಲ. ವ್ಯಾನೂ ಹಾಗೆಯೇ ಬರುತ್ತಿತ್ತು. ಬಿಳಿ ಬಣ್ಣ, ಸದ್ದಿಲ್ಲ, ಆಮೆಯ ಹಾಗೆ ನನ್ನ ಹಿಂದೆ ಹಿಂದೆ. ಹೊಲದಲ್ಲಿ ಮೇಯುವ ದನದ ಹಿಂದೆ ಬೆಳ್ಳಕ್ಕಿ ತಿರುಗುತ್ತದಲ್ಲ, ಹಾಗೆ.

ಅರಣ್ಯಪ್ರಥೇಟ್

ಥೈಲ್ಯಾಂಡ್, ಕಾಂಬೋಡಿಯಾ ಗಡಿಯ ಊರು. ಹೆಸರು ಕೇಳಿದರೆ ನಮ್ಮದೇ ಹೆಸರು, ಅರಣ್ಯ ಪ್ರದೇಶ. ಅರಣ್ಯ ಮಾತ್ರ ಇಲ್ಲ, ಸಂತೆ ಇದೆ.

ಅಲ್ಲಿಯವರೆಗೆ ನನಗೂ ನೋಯ್‌ಗೂ ದಿನಾ ಜಗಳ. ಅವಳ ಪದ್ಧತಿ ಹೀಗೆ: ಜೋರಾಗಿ ತುಳಿ, ಆಮೇಲೆ ನಿಂತು ಮರದ ಕೆಳಗೆ ಚಾಪೆಯ ಮೇಲೆ ಎಲ್ಲರ ಜೊತೆ ಕೂರು, ಬಾಳೆಹಣ್ಣು, ಕಲ್ಲಂಗಡಿ, ಐಸ್ ನೀರು, ಹರಟೆ. ಮತ್ತೆ ಜೋರು. ನನ್ನ ಕಾಲಿಗೆ ಅದು ಬರುವುದಿಲ್ಲ. ಹಾಲಿನ ಕ್ಯಾನು ಕಟ್ಟಿದ ಸೈಕಲ್ ಜೋರಾಗಿ ಹೋಗಬಾರದು, ಹಾಲು ತುಳುಕುತ್ತದೆ. ಬಿಸಿಲಿನಲ್ಲಿ ನಿಲ್ಲಬಾರದು, ಒಡೆಯುತ್ತದೆ. ಒಂದೇ ಹದದಲ್ಲಿ, ಎಲ್ಲೂ ಕಾಲೂರದೆ, ಊರು ಮುಟ್ಟಬೇಕು. ಹಾಲು ಈಗ ಟೆಂಪೋದಲ್ಲಿ ಹೋಗುತ್ತದೆ, ಆದರೆ ಕಾಲಿಗೆ ಇದನ್ನು ಯಾರು ಹೇಳಬೇಕು? ಎಲ್ಲರೂ ನನ್ನನ್ನು ದಾಟಿ ಹೋಗುತ್ತಿದ್ದರು, ಅವರು ಚಾಪೆಯಲ್ಲಿ ಕೂತಾಗ ನಾನು ಅವರನ್ನು ದಾಟಿ ಹೋಗುತ್ತಿದ್ದೆ. ನೋಯ್ ಕೈ ಬೀಸುವಳು, ನಾನೂ ಬೀಸಿ ಮುಂದೆ ಹೋಗುವೆ.

ಅವಳಿಗೆ ಇದು ಆಟವಲ್ಲ. ಎಲ್ಲರ ತಲೆ ಎಣಿಸಿ ಕಂಪನಿಗೆ ಫೋನ್ ಮಾಡಬೇಕು. ಒಂದು ತಲೆ ಮುಂದೆ ಹೋಗಿದೆಯೋ ಹಿಂದೆ ಬಿದ್ದಿದೆಯೋ ತಿಳಿಯದೆ ವ್ಯಾನಿನವನನ್ನು ಎರಡೂ ಕಡೆ ಓಡಿಸಬೇಕು. ಗಡಿಯ ಊರಿನಲ್ಲಿ ಅವಳು ಎಲ್ಲರ ಮುಂದೆ ನನಗೆ ಬೈದಳು. ಮಗಳ ವಾರಿಗೆಯವಳ ಕೈಲಿ ಬೈಸಿಕೊಂಡು ನಿಂತೆ. ಹಾಲಿನ ವಿಷಯ ಹೇಳು ಎಂದು ಶಂಕರಗೌಡನಿಗೆ ಹೇಳಿದೆ. ಅವನು ಬಹಳ ಹೊತ್ತು ಇಂಗ್ಲಿಷ್ ಮಾತಾಡಿದ. ಬಿಳಿಯರೆಲ್ಲ ಬಿದ್ದು ಬಿದ್ದು ನಕ್ಕರು. ಏನು ಹೇಳಿದ ಎಂದು ಕೇಳಿದರೆ, ಇದ್ದದ್ದೇ ಹೇಳಿದೆ ಎಂದ.

ಶಂಕರಗೌಡ ಆಗಲೇ ವ್ಯಾನಿನ ಗಿರಾಕಿಯಾಗಿದ್ದ. ಬೆಳಿಗ್ಗೆ ನಾಲ್ಕು ಫೋಟೋ ಆಗುವವರೆಗೆ ತುಳಿಯುವುದು, ಆಮೇಲೆ ಮೀನಖಂಡ ಹಿಡಿಯಿತು ಎಂದು ಹತ್ತಿಬಿಡುವುದು. ಬಿಳಿಯ ಮುದುಕಿಯರೂ ಹತ್ತುತ್ತಿರಲಿಲ್ಲ. ಕಿಟಕಿಯ ಒಳಗೆ ಅವನ ಒಂದೇ ತಲೆ ಕಾಣುತ್ತಿತ್ತು.

ಸಿಯೆಮ್ ರೀಪ್

ದೊಡ್ಡ ಗುಡಿ ನೋಡಿದೆ. ನಿಜಕ್ಕೂ ದೊಡ್ಡದು. ಆನೆಗೊಂದಿ ಕಡೆಯವರಿಗೆ ಕಲ್ಲು ಕಂಡು ಬೆರಗಾಗುವ ಅಭ್ಯಾಸವಿಲ್ಲ, ನಮಗೆ ಕಲ್ಲೇ ಬೆಟ್ಟ. ಇವರು ಬಯಲಿನಲ್ಲಿ, ಕಲ್ಲಿಲ್ಲದ ಕಡೆ, ಎಲ್ಲಿಂದಲೋ ಹೊತ್ತು ತಂದು ನಿಲ್ಲಿಸಿದ್ದಾರೆ. ಹೊತ್ತವರಿಗೆ ಕೈ ಮುಗಿದೆ.

ನನಗೆ ಸಿಟ್ಟು ಬಂದದ್ದು ಎಮ್ಮೆಯ ವಿಷಯಕ್ಕೆ. ಕಾಂಬೋಡಿಯಾದ ಗದ್ದೆ ನೋಡಿದರೆ ಗಂಗಾವತಿಯ ಕಾಲುವೆ ಬಯಲಿಗೆ ಬಂದ ಹಾಗೆ: ಅದೇ ಹಸಿರು, ಅದೇ ಕೆಸರು. ಗದ್ದೆಗೊಂದು ಎಮ್ಮೆ, ಕೆರೆಗೆ ಹತ್ತು ಎಮ್ಮೆ, ಮೈ ಮಿರಮಿರ ಮಿಂಚುತ್ತವೆ. ಕಾಫಿ ಕೇಳಿದರೆ ಡಬ್ಬಿಯಿಂದ ಬೆಲ್ಲದ ಪಾಕದಂಥ ಗಟ್ಟಿ ಹಾಲು ಸುರಿದು ಕೊಡುತ್ತಾರೆ. ಡಬ್ಬಿಯ ಹಾಲು! ನಾನು ಹೋಟೆಲಿನವಳಿಗೆ ಕಿಟಕಿಯ ಹೊರಗಿನ ಎಮ್ಮೆ ತೋರಿಸಿ, ಕೈಯಲ್ಲಿ ಹಿಂಡುವ ಹಾಗೆ ಮಾಡಿ, ಯಾಕಿಲ್ಲ ಎಂದು ಕೇಳಿದೆ. ಅವಳು ಮುಖ ಕಿವುಚಿದಳು. ಆ ಹಾಲು ಕರುವಿನದು, ನೀವು ಯಾಕೆ ಕುಡಿಯುತ್ತೀರಿ ಎಂದು ನೋಯ್‌ಳ ಬಾಯಿಂದ ಹೇಳಿಸಿದಳು. ನಲವತ್ತು ವರ್ಷ ಹಾಲು ಮಾರಿದ ನನಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು. ಕಾಫಿ ಅಲ್ಲೇ ಬಿಟ್ಟು ಎದ್ದೆ.

ಕಾಂಪೊಂಗ್ ಥೋಮ್ ದಾರಿ

ಇಡೀ ಪ್ರವಾಸದಲ್ಲಿ ನಾನಾಗಿ ಕಾಲೂರಿದ್ದು ಒಂದೇ ಸಲ, ಈ ದಾರಿಯಲ್ಲಿ. ಮಧ್ಯಾಹ್ನ. ರಸ್ತೆಯ ಬದಿಗೆ ಕಬ್ಬಿನ ಹಾಲಿನ ಅಂಗಡಿ, ಅದರ ಹಿತ್ತಲಿನಲ್ಲಿ ಈಗಷ್ಟೇ ಈದ ಎಮ್ಮೆ. ಕರುವಿನ ಮೈ ಇನ್ನೂ ಒದ್ದೆ. ಸೈಕಲ್ಲನ್ನು ಹುಣಸೆ ಮರಕ್ಕೆ ಆನಿಸಿ ಹೋದೆ. ಕೆಚ್ಚಲು ಬಿಗಿದು ನಿಂತಿತ್ತು. ಅಂಗಡಿಯ ಹೆಂಗಸು ಕರುವನ್ನು ಮೊಲೆಗೆ ಹಚ್ಚಲು ಒದ್ದಾಡುತ್ತಿದ್ದಳು. ನಾನು ಒಂದು ಕೈ ಹಚ್ಚಿದೆ, ಕರು ಹಿಡಿಯಿತು. ಅವಳು ಕಬ್ಬಿನ ಹಾಲು ಕೊಟ್ಟಳು. ಆ ಹೊತ್ತು ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ತಿರುಗಿ ಬಂದರೆ ಮರದ ಬುಡ ಖಾಲಿ. ನನ್ನ ಸೈಕಲ್ ವ್ಯಾನಿನ ನೆತ್ತಿಯ ಮೇಲೆ, ಹಗ್ಗ ಬಿಗಿದು. ನೋಯ್ ಬಾಗಿಲು ತೆರೆದು ನಿಂತಿದ್ದಾಳೆ. ಒಳಗೆ ಶಂಕರಗೌಡ.

ಇಳಿಸು ಎಂದೆ. ನೋಯ್ ಎರಡೂ ಕೈ ಜೋಡಿಸಿ, “ಲುಂಗ್, ಪ್ಲೀಸ್” ಎಂದಳು. ಕಣ್ಣಲ್ಲಿ ನೀರಿತ್ತು. ಬೈಯುವವಳು ಬೈಯಲಿಲ್ಲ, ಅಳುತ್ತಿದ್ದಾಳೆ. ಕಂಪನಿಯವರು ಅವಳ ಕೆಲಸಕ್ಕೆ ಏನಾದರೂ ಸಂಚಕಾರ ತಂದರೋ, ನಾನು ಚಾಪೆಯ ಬಳಿ ನಿಲ್ಲದ ತಪ್ಪಿಗೆ ಇವಳು ಅನುಭವಿಸಬೇಕಾಯಿತೋ ಎಂದುಕೊಂಡೆ. ಹೆಣ್ಣುಮಗಳೊಬ್ಬಳು ಕೈ ಮುಗಿದರೆ ಏನು ಮಾಡಲಿ. ಹತ್ತಿದೆ. ಸುಮಾರು ನಾಲ್ಕು ಹರದಾರಿ, ಎಂದರೆ ಹನ್ನೆರಡು ಮೈಲಿ, ತಂಪು ಗಾಳಿಯಲ್ಲಿ ಬೆವರುತ್ತ ಕೂತೆ. ಶಂಕರಗೌಡ ನನ್ನ ಮುಖ ನೋಡಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಡಾಕ್ಟರೊಬ್ಬ ಕಾಯುತ್ತಿದ್ದ. ನನ್ನನ್ನು ಕೂರಿಸಿ ಎದೆಗೆ ಕೊಳವೆ ಇಟ್ಟ, ತೋಳಿಗೆ ಪಟ್ಟಿ ಸುತ್ತಿದ. ಯಾಕೆ ಎಂದೆ. ನೋಯ್ ಹೇಳಿದಳು: ನಿಮ್ಮ ಗೆಳೆಯರು ಹೇಳಿದರು, ನಿಮಗೆ ಬೆಳಿಗ್ಗೆಯಿಂದ ಎದೆನೋವು, ಅಭಿಮಾನಕ್ಕೆ ಮುಚ್ಚಿಟ್ಟಿದ್ದೀರಿ, ಒತ್ತಾಯ ಮಾಡಿ ಹತ್ತಿಸಿ ಎಂದು.

ಡಾಕ್ಟರ್ ಕೊಳವೆ ತೆಗೆದು, ಎದೆ ಗಟ್ಟಿಯಿದೆ ಎಂದು ಕೈಸನ್ನೆ ಮಾಡಿದ. ನಾನು ಶಂಕರಗೌಡನ ಕಡೆ ತಿರುಗಿದೆ.

“ನನಗ ಎದಿನೋವ್ ಯಾವಾಗ ಬಂತೋ?”

“ಸಿಟ್ಟಿಗೇಳಬ್ಯಾಡ ಹನುಮ್ಯಾ. ಇಲ್ಲಿ ಯಾರ್ ನೋಡಾಕತ್ತಾರ? ಊರಾಗ ಇಬ್ರೂ ಪೂರಾ ತುಳದೀವಿ ಅಂತ ಹೇಳಿದ್ರಾತು. ಸಾಕ್ಷಿ ನಾನ ಅದೀನಿ.”

“ನಿನ್ ಸಾಕ್ಷಿ ನಿನ್ ಕೋರ್ಟಿನಾಗ ಇಟ್ಕೊ. ಸುಳ್ಳ್ಯಾಕ ಹೇಳಿದಿ ಅದನ್ನ ಹೇಳು.”

ಅವನು ನೆಲ ನೋಡುತ್ತ ಅಂದ: “ನಾ ಒಬ್ಬನ ಎಷ್ಟ್ ದಿನ ಕುಂದ್ರಲೋ ಅದರಾಗ?”

ಅವನ ಈ ಮಾತು ನನಗೆ ಈಗಲೂ ಕೇಳಿಸುತ್ತದೆ. ಆಗ ಕೇಳಿಸಲಿಲ್ಲ. ಕುಂದ್ರಾಕ ನಿನಗ ಹುಟ್ಟಿನಿಂದ ರೂಢಿ ಐತಿ, ನನ್ನ ಕ್ಯಾರಿಯರ್ ಮ್ಯಾಲ ಕುಂತ ವಕೀಲ ಆದಿ ಎಂದೆ. ಬಿಳಿಯರು ಸುತ್ತ ನಿಂತಿದ್ದರು. ಕನ್ನಡ ಬಾರದಿದ್ದರೂ ಅವರಿಗೆ ಎಲ್ಲ ತಿಳಿಯಿತು.

ನನ್ನ ಅವ್ವ ಹಿಂದೆ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದಳು. ಒಂದು ವರ್ಷ ಅಂಗಾಲಿಗೆ ಬೊಬ್ಬೆ ಎದ್ದು, ಜೊತೆಯವರು ಅವಳನ್ನು ಬಲವಂತದಿಂದ ಟ್ರ್ಯಾಕ್ಟರಿಗೆ ಹತ್ತಿಸಿದರು. ಮರುದಿನ ಅವಳು ಯಾರಿಗೂ ಹೇಳದೆ ಹಿಂದಕ್ಕೆ ಹೋಗಿ, ಟ್ರ್ಯಾಕ್ಟರ್ ಹತ್ತಿದ ಬೇವಿನ ಗಿಡದಿಂದ ಮತ್ತೆ ನಡೆದಳು. ಎಲ್ಲಿ ಹತ್ತಿದ್ಯೋ ಅಲ್ಲಿಂದ ಹೆಜ್ಜಿ ಬಾಕಿ ಎನ್ನುವುದು ನಮ್ಮ ಕಡೆಯ ನಡೆಯುವವರ ಲೆಕ್ಕ. ನಾನು ಶ್ರೀಶೈಲಕ್ಕೆ ಹೊರಟವನಲ್ಲ. ಆದರೆ ಲೆಕ್ಕ ಅದೇ.

ಸೈಕಲ್ ಇಳಿಸಿಕೊಂಡೆ. ಬಂದ ದಾರಿಗೆ ತಿರುಗಿಸಿದೆ. ನೋಯ್ ಅಡ್ಡ ನಿಂತಳು. ನಾನು ಕೈಸನ್ನೆಯಲ್ಲಿ ಹೇಳಿದೆ, ಹುಣಸೆ ಮರ, ಎಮ್ಮೆ, ಅಲ್ಲಿಂದ ಇಲ್ಲಿ. ಅವಳು ನನ್ನನ್ನೂ ನೋಡಿದಳು, ಶಂಕರಗೌಡನನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ಹೆಲ್ಮೆಟ್ ತಂದಳು. ಒಬ್ಬ ಸವಾರನನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ಅದು ಅವಳ ಲೆಕ್ಕ.

ಹೋಗುವಾಗ ಸಿಟ್ಟಿನಲ್ಲಿ ಹದ ತಪ್ಪಿ ಜೋರಾಗಿ ತುಳಿದೆ. ಕ್ಯಾನು ಇದ್ದಿದ್ದರೆ ಹಾಲೆಲ್ಲ ರಸ್ತೆಗೆ. ನೋಯ್ ಹಿಂದೆಯೇ ಇದ್ದಳು, ಮಾತಿಲ್ಲ. ಅಂಗಡಿಯ ಹೆಂಗಸು ನನ್ನನ್ನು ಕಂಡು ಎಮ್ಮೆ ನೋಡಲು ಬಂದನೆಂದು ಹಿತ್ತಲ ಕಡೆ ಕೈ ತೋರಿಸಿದಳು. ನಾನು ಮರದ ಬುಡಕ್ಕೆ ಮುಂದಿನ ಗಾಲಿ ಮುಟ್ಟಿಸಿ ತಿರುಗಿಸಿದೆ. ಅವಳಿಗೆ ಇದು ಏನೆಂದು ತಿಳಿಯಲಿಲ್ಲ, ನಗುತ್ತ ನಿಂತಳು. ಮರಳುವಾಗ ಮಳೆ ಹಿಡಿಯಿತು. ಆ ದೇಶದ ಮಳೆ ಹನಿಯುವುದಿಲ್ಲ, ಕೊಡ ಮಗುಚುತ್ತದೆ. ಮಳೆಯಲ್ಲಿ ಕಾಲು ತಾನಾಗಿ ಹಳೆಯ ಹದಕ್ಕೆ ಬಂತು. ಊರಿನ ದೀಪ ಕಾಣುವ ಹೊತ್ತಿಗೆ ನೋಯ್ ಪಕ್ಕಕ್ಕೆ ಬಂದು, ನನಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳಿದಳು: ನಾಳೆಯಿಂದ ನಾನು ನಿಂತ ಕಡೆ ನೀವು ನಿಲ್ಲಬೇಕು, ನಾನು ನಿಮ್ಮನ್ನು ವ್ಯಾನಿಗೆ ಹತ್ತಿಸುವುದಿಲ್ಲ. ಆಗಲಿ ಎಂದೆ. ಮರುದಿನದಿಂದ ಚಾಪೆಯ ಮೇಲೆ ಕೂತು ಕಲ್ಲಂಗಡಿ ತಿಂದೆ. ಕಾಲು ಒಪ್ಪಲಿಲ್ಲ, ಮಾತು ಕೊಟ್ಟಾಗಿತ್ತು.

ಮೆಕಾಂಗ್ ಹೊಳೆ

ಆಮೇಲೆ ನಾನೂ ಶಂಕರಗೌಡನೂ ಮಾತಾಡಲಿಲ್ಲ. ಒಂದೇ ಕೋಣೆ, ಬೆನ್ನಿಗೆ ಬೆನ್ನು. ಅವನು ಬೆಳಿಗ್ಗೆ ತನ್ನ ಇನ್ಸುಲಿನ್ ಚುಚ್ಚಿಕೊಳ್ಳುವಾಗ ಮುಖ ಆಚೆ ತಿರುಗಿಸಿ ಕೂರುತ್ತಿದ್ದ. ಅವನ ಕಾಲು ನಿಜವಾಗಿಯೂ ಊದಿದ್ದವು; ನೋಡಿದೆ, ಕೇಳಲಿಲ್ಲ.

ಮೆಕಾಂಗನ್ನು ದೊಡ್ಡ ದೋಣಿಯಲ್ಲಿ ದಾಟಬೇಕು. ಸೈಕಲ್, ಮೋಟಾರು, ಕೋಳಿಬುಟ್ಟಿ, ಜನ ಎಲ್ಲ ಒಟ್ಟಿಗೆ. ನಮ್ಮ ತುಂಗಭದ್ರೆಯನ್ನು ನಾಲ್ಕು ಸೇರಿಸಿದರೂ ಆ ಅಗಲ ಬರಲಿಕ್ಕಿಲ್ಲ. ನಡು ಹೊಳೆಯಲ್ಲಿ ಶಂಕರಗೌಡ ಕಂಬಕ್ಕೆ ಒರಗಿ, ಯಾರಿಗೋ ಹೇಳುವವನಂತೆ ಅಂದ: “ಈಗ ಎಂಜಿನ್ ಮ್ಯಾಲ ಹೊಂಟಾರ ದೊಡ್ಡಪ್ಪಾರು. ಇದ್ಯಾವ ಕಲಮಿನಾಗ ಬರ್ತದೋ.”

ಮಾತಾಡಿಸಲೆಂದೇ ಆಡಿದ ಮಾತು, ನನಗೆ ಗೊತ್ತು. ಆನೆಗೊಂದಿಯಲ್ಲಿ ಹರಿಗೋಲು ಹತ್ತದೆ ಯಾವ ಹಿರಿಯ ಹೊಳೆ ದಾಟಿದ್ದಾನೆ, ಹೊಳಿ ಲೆಕ್ಕ ಬ್ಯಾರೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು. ನಾನು ನೀರು ನೋಡುತ್ತ ನಿಂತೆ. ದೋಣಿ ದಡ ಮುಟ್ಟಿತು.

ವಿಯೆಟ್ನಾಮಿನಲ್ಲಿ ಹಾರ್ನ್ ಇದೆ. ಬೇಕಾದಷ್ಟಿದೆ. ಅಲ್ಲಿ ಮಾತ್ರ ನನಗೆ ರಸ್ತೆಯ ಮೇಲೆ ನೆಮ್ಮದಿಯಾಯಿತು. ಕೊನೆಯ ಊರಿನಲ್ಲಿ ನೋಯ್ ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಹಳದಿ ಹೂವಿನ ಮಾಲೆ ಹಾಕಿ, ಕೈ ಮುಗಿದು, ಲುಂಗ್ ಎಂದಳು. ಆಗ ಆ ಹೆಸರು ಕೇಳಿ ಸಿಟ್ಟು ಬರಲಿಲ್ಲ.

ಕೊಪ್ಪಳ

ಬಳಗದವರು ಸನ್ಮಾನ ಇಟ್ಟರು. ಶಾಲು, ಹಣ್ಣಿನ ಬುಟ್ಟಿ, ಮೈಕು. ನನಗೆ ಬೇಡವಾಗಿತ್ತು; ಅವ್ವ ಹೋಗು ಎಂದಳು, ತಾನೂ ಬಂದು ಮುಂದಿನ ಸಾಲಿನಲ್ಲಿ ಕೂತಳು. ಶಂಕರಗೌಡ ಮೈಕಿನ ಮುಂದೆ ಬಹಳ ಚಂದ ಮಾತಾಡಿದ, ಅವನ ಕಸುಬೇ ಅದು. ಬಿಸಿಲು, ಮಳೆ, ಗುಡಿ ಎಲ್ಲ ಹೇಳಿ ಕೊನೆಗೆ ಅಂದ: “ನಾವಿಬ್ರೂ ಒಂದ್ ಫರ್ಲಾಂಗೂ ವ್ಯಾನ್ ಹತ್ತಿಲ್ಲರಿ. ಇದಕ್ಕ ನಾನ ಸಾಕ್ಷಿ.” ಚಪ್ಪಾಳೆ ಬಿತ್ತು. ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಗರ್ವ ಇರಲಿಲ್ಲ. ಕ್ಯಾನಿನ ಮುಚ್ಚಳ ಜಾರಿದಾಗ ಹುಡುಗನಾಗಿ ನೋಡುತ್ತಿದ್ದನಲ್ಲ, ಆ ನೋಟ.

ಸುಮ್ಮನಿದ್ದರೆ ಆಗುತ್ತಿತ್ತು. ಅವ್ವ ಎದುರಿಗೆ ಕೂತಿದ್ದಳು.

ನಾನು ಎದ್ದು ಮೈಕು ಹಿಡಿದೆ. “ನಾ ಹತ್ತೀನ್ರಿ. ನಾಕ್ ಹರದಾರಿ ವ್ಯಾನ್‌ನಾಗ ಕುಂತೀನಿ. ಆಮ್ಯಾಲ ಹತ್ತಿದ ಗಿಡದ ತನಕ ವಾಪಸ್ ಹೋಗಿ, ಅಲ್ಲಿಂದ ತುಳದೀನಿ. ಗೌಡ್ರದು ಗೌಡ್ರನ್ನ ಕೇಳ್ರಿ.”

ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಸ್ವಲ್ಪ ಜನ ನಕ್ಕರು, ಉಳಿದವರು ಹಣ್ಣಿನ ಬುಟ್ಟಿ ನೋಡಿದರು. ಅವ್ವ ತಲೆಯಾಡಿಸಿದಳು, ಸರಿ ಎಂದೋ ಸಾಕು ಎಂದೋ, ಇವತ್ತಿನವರೆಗೆ ನಾನು ಕೇಳಿಲ್ಲ. ಅಂದಿನಿಂದ ಶಂಕರಗೌಡ ಬೆಳಗಿನ ಸವಾರಿಗೆ ಬರುವುದಿಲ್ಲ. ನನ್ನ ಅಂಗಡಿಯ ಮೊಸರು ಮಾತ್ರ ಅವನ ಮನೆಗೆ ಹೋಗುತ್ತದೆ, ಆಳಿನ ಕೈಯಲ್ಲಿ ತರಿಸುತ್ತಾನೆ. ಅವನು ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟು. ನಿಜ ಹೇಳುವ ಹಾಗೆ ನನ್ನನ್ನು ಅಲ್ಲಿ ನಿಲ್ಲಿಸಿದ್ದಕ್ಕೆ ಇನ್ನೂ ಹೆಚ್ಚು ಸಿಟ್ಟು.

ಓದದೆ ಏನು ಮಾಡಿಕೊಂಡೆ ಎಂದು ಕೊನೆಗೆ ಹೇಳುತ್ತೇನೆ ಎಂದಿದ್ದೆ. ಎಮ್ಮೆ ಇಪ್ಪತ್ತೆರಡು. ಕರು ಒಂಬತ್ತು. ಹಿಟ್ನಾಳದಲ್ಲಿ ಮನೆ ಒಂದು, ಕೊಪ್ಪಳದಲ್ಲಿ ಮೊಸರು ಬೆಣ್ಣೆಯ ಅಂಗಡಿ ಒಂದು. ಟೆಂಪೋ ಒಂದು. ಅವ್ವ, ಹೆಂಡತಿ, ಮದುವೆಯಾದ ಮಗಳು. ಹಾಕಿಕೊಳ್ಳದ ಶಾಲು ಒಂದು. ಗೇರಿನ ಸೈಕಲ್ ಒಂದು. ಅಪ್ಪನ ಹಳೆಯ ಸೈಕಲ್ ಒಂದು: ಕ್ಯಾನು ಎರಡು, ಮುಚ್ಚಳ ಎರಡು, ಕ್ಯಾರಿಯರ್ ಒಂದು, ಖಾಲಿ.